ತಿರುವಿನ ಸೇತುವೆಗೆ ಗರ್ಡರ್ ಬಗ್ಗಿಸಬೇಡಿ

ಹೋದ ತಿಂಗಳು ಬೀದರ್‌ನಿಂದ ಇಬ್ಬರು ಹುಡುಗರು ಕಲಬುರಗಿಯ ನನ್ನ ವರ್ಕ್‌ಶಾಪಿಗೆ ಬಂದಿದ್ದರು. ಮಾದರಿ ರೈಲಿಗೆ ತಾವೇ ಕಟ್ಟಿದ ಸೇತುವೆ ಅವರ ಕೈಯಲ್ಲಿತ್ತು. ತೆಳು ಪ್ಲೈವುಡ್ ಪಟ್ಟಿಯನ್ನು ನೀರಲ್ಲಿ ನೆನೆಸಿ, ತಿರುವಿಗೆ ತಕ್ಕಂತೆ ಬಗ್ಗಿಸಿ, ಎರಡೂ ಕಡೆ ಗರ್ಡರ್ (ಕಂಬದಿಂದ ಕಂಬಕ್ಕೆ ಭಾರ ಹೊರುವ ತೊಲೆ) ಮಾಡಿದ್ದರು. ಕೈಕೆಲಸ ತುಂಬಾ ಅಚ್ಚುಕಟ್ಟು. ಆದರೆ ಒಣಗಿದ ಪಟ್ಟಿ ಮತ್ತೆ ನೇರ ಆಗಲು ಎಳೆದಿತ್ತು, ಜೊತೆಗೆ ಮೇಲಿನ ಹಳಿಯನ್ನೂ ತಿರುಚಿತ್ತು. "ಸರ್, ಬ್ರಿಜ್ ಮ್ಯಾಲ ಬಂತಂದ್ರ ಡಬ್ಬಿ ಹಳಿ ಬಿಡ್ತಾವ್ರಿ" ಅಂದರು.

ಹಳಿ ಬಾಗಿದೆ ಅಂದ ಮೇಲೆ ಸೇತುವೆಯೂ ಬಾಗಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಲ್ವಾ? ನಿಜವಾದ ರೈಲ್ವೆಯಲ್ಲಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಗರ್ಡರ್ ನೇರವಾಗೇ ಇರುತ್ತದೆ. ಒಂದೊಂದು ಕಂಬದ ಮೇಲೆ ದಿಕ್ಕು ಸ್ವಲ್ಪ ತಿರುಗುತ್ತದೆ, ಅಷ್ಟೇ. ನಮ್ಮ ಹಳ್ಳಿಗಳ ದುಂಡು ಬಾವಿ ನೆನಪಿಸಿಕೊಳ್ಳಿ. ಕಲ್ಲು ನೇರ, ಬಾವಿ ದುಂಡು.

ಹಾಗಾದರೆ ಒಂದು ಗರ್ಡರ್ ಎಷ್ಟು ಉದ್ದ ಇರಬೇಕು? ಇಡೀ ಕೆಲಸ ನಿಂತಿರುವುದು ಈ ಪ್ರಶ್ನೆಯ ಮೇಲೆ. ಗರ್ಡರ್ ಉದ್ದವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ತಿರುವಿನ ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ಗರ್ಡರಿನ ನಡುವೆ ಹಳಿ ಎಷ್ಟು ಹೊರಗೆ ಸರಿಯುತ್ತದೆ ಅಂತ ಗೊತ್ತಾಗುತ್ತದೆ. ತ್ರಿಜ್ಯ 600 ಮಿಮೀ, ಗರ್ಡರ್ 150 ಮಿಮೀ ಆದರೆ ಸುಮಾರು 4.7 ಮಿಮೀ. ಗರ್ಡರ್ 300 ಮಿಮೀ ಮಾಡಿದರೆ ಹತ್ತಿರ ಹತ್ತಿರ 19 ಮಿಮೀ! ಉದ್ದ ಎರಡು ಪಟ್ಟು ಆದರೆ ಸರಿಯುವುದು ನಾಲ್ಕು ಪಟ್ಟು. ಅದಕ್ಕೇ ತಿರುವಿನಲ್ಲಿ ಚಿಕ್ಕ ಗರ್ಡರ್, ಜಾಸ್ತಿ ಕಂಬ. ಈ ಅಳತೆಯಲ್ಲಿ ಆರು ಗರ್ಡರ್ ಇಟ್ಟರೆ ಹೆಚ್ಚು ಕಡಿಮೆ ಕಾಲು ವೃತ್ತ ತಿರುಗುತ್ತದೆ. ಬಂದ 4.7 ಮಿಮೀಯನ್ನೂ ಪೂರ್ತಿ ಒಂದೇ ಕಡೆ ಬಿಡಬೇಡಿ. ಗರ್ಡರನ್ನು ಅದರ ಅರ್ಧದಷ್ಟು ಹೊರಗೆ ಸರಿಸಿ ಕೂರಿಸಿದರೆ, ನಡುವೆ ಹಳಿ 2.3 ಮಿಮೀ ಹೊರಗೆ, ತುದಿಗಳಲ್ಲಿ ಅಷ್ಟೇ ಒಳಗೆ ಬರುತ್ತದೆ. ಕಣ್ಣಿಗೂ ಚೆಂದ, ಭಾರವೂ ಒಳಬದಿ, ಹೊರಬದಿಯ ಎರಡೂ ಗರ್ಡರಿಗೆ ಹಂಚುತ್ತದೆ.

ಗರ್ಡರ್ ಎಲ್ಲಾ ಒಂದೇ ಅಳತೆ ಇರಲಿ. ಹಾಗೆ ಮಾಡಿದಾಗ ಕಂಬದ ಮೇಲೆ ಎರಡು ಗರ್ಡರಿನ ನಡುವೆ ಹೊರಗಡೆ ಬೆಣೆಯ ಆಕಾರದ ಸಂದು ಬೀಳುತ್ತದೆ. ಅದು ತಪ್ಪಲ್ಲ, ಸುಮ್ನೆ ಪುಟ್ಟಿ ತುಂಬಲು ಹೋಗಬೇಡಿ. ಕಂಬದ ತಲೆಯನ್ನೇ ಹೊರಗಡೆ ಸ್ವಲ್ಪ ಅಗಲ ಮಾಡಿ.

ಕೆಲವರಿಗೆ ಮೇಲೆ ಕಬ್ಬಿಣದ ಚೌಕಟ್ಟು ಇರುವ ಟ್ರಸ್ ಸೇತುವೆಯೇ ಬೇಕು. ಆಸೆ ನನಗೆ ಅರ್ಥ ಆಗುತ್ತದೆ, ಆದರೂ ಇಂಥ ಬಿಗಿ ತಿರುವಿನಲ್ಲಿ ನಾನು ಬೇಡ ಅಂತಲೇ ಹೇಳುತ್ತೇನೆ. ಯಾಕಂದರೆ ತಿರುವಿನಲ್ಲಿ ಡಬ್ಬಿಯ ನಡುಭಾಗ ಒಳಗೆ ಸರಿಯುತ್ತದೆ, ತುದಿಗಳು ಹೊರಗೆ ಚಾಚುತ್ತವೆ. ನಮ್ಮ ಐಸಿಎಫ್ (ಚೆನ್ನೈನ ರೈಲು ಡಬ್ಬಿ ಕಾರ್ಖಾನೆ) ಡಬ್ಬಿ 1:87 ಅಳತೆಯಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲಿನಲ್ಲಿ, ಸುಮಾರು 245 ಮಿಮೀ ಉದ್ದ, 37 ಮಿಮೀ ಅಗಲ. 600 ಮಿಮೀ ತಿರುವಿನಲ್ಲಿ ಅದು ಒಳಗೂ ಹೊರಗೂ ತಲಾ 6 ಮಿಮೀಯಷ್ಟು ಹೋಗುತ್ತದೆ. 300 ಮಿಮೀ ಟ್ರಸ್ ಇಟ್ಟು, ಹಳಿ ಸರಿಯುವುದನ್ನೂ, ಆಚೀಚೆ ತಗಲದಂತೆ ಬಿಡುವ ಸ್ವಲ್ಪ ಜಾಗವನ್ನೂ ಕೂಡಿಸಿದರೆ ಒಳಗಿನ ಅಗಲ 75 ಮಿಮೀ ಬೇಕು, ಅಂದರೆ ಡಬ್ಬಿಯ ಎರಡು ಪಟ್ಟು. ನೋಡಲು ರೈಲು ಮಂಟಪದೊಳಗೆ ನುಗ್ಗಿದ ಹಾಗೆ ಕಾಣುತ್ತದೆ. ಗರ್ಡರ್ ಕೆಳಗೆ, ಹಳಿ ಮೇಲೆ ಇದ್ದರೆ ಈ ತಾಪತ್ರಯವೇ ಇಲ್ಲ. (ಅಂಗಡಿಯಲ್ಲಿ ಸಿಗುವ 16.5 ಮಿಮೀ ಹಳಿ 1435 ಮಿಮೀ ಗೇಜಿನದು, ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ನಮ್ಮ 1676 ಮಿಮೀ ಬ್ರಾಡ್‌ಗೇಜಿಗೆ ಈ ಅಳತೆಯಲ್ಲಿ 19 ಮಿಮೀಗಿಂತ ಜಾಸ್ತಿ ಬೇಕು. ಹಾಗಾಗಿ ನಮ್ಮ ಡಬ್ಬಿ ಆ ಹಳಿ ಮೇಲೆ ಇನ್ನೂ ಅಗಲ ಕಾಣುತ್ತದೆ.)

ಕೆಲಸದ ಕ್ರಮದಲ್ಲಿ ನನ್ನದು ಒಂದೇ ಹಟ. ಮೊದಲು ರೈಲು ಓಡಲಿ, ಆಮೇಲೆ ನದಿ ತೋಡಿ. ಸೇತುವೆ ಬರುವ ಜಾಗದಲ್ಲೂ ಹಳಿಯ ಕೆಳಗೆ ಹಾಸುವ ಪ್ಲೈವುಡ್ ಪಟ್ಟಿಯನ್ನು ಹಾಗೇ ಮುಂದುವರಿಸಿ, ಬಾಗುವ ಫ್ಲೆಕ್ಸ್ ಹಳಿಯನ್ನು ಒಂದೇ ತುಂಡಾಗಿ ಹಾಸಿ, ಒಂದು ವಾರ ರೈಲು ಓಡಿಸಿ ನೋಡಿ. ಸರಿ ಅನ್ನಿಸಿದ ಮೇಲೆ ಕೆಳಗೆ ಕಂಬ, ಗರ್ಡರ್ ಕೂರಿಸಿ. ಗರ್ಡರಿನ ಆಚೀಚೆ ಉಳಿದ ಪ್ಲೈವುಡ್ಡನ್ನು ಕೊನೆಗೆ ಸಣ್ಣ ಗರಗಸದಿಂದ ಕತ್ತರಿಸಿ ತೆಗೆಯಿರಿ. ತಿರುವು ಗೀಚಲು ದಾರ ಬೇಡ, ಎಳೆದರೆ ಹಿಗ್ಗುತ್ತದೆ. ಮರದ ಪಟ್ಟಿಗೆ ಒಂದು ಕಡೆ ಮೊಳೆ, 600 ಮಿಮೀ ದೂರಕ್ಕೆ ಪೆನ್ಸಿಲ್ ತೂತು, ಸಾಕು. ಫೆವಿಕಾಲ್ ಒಣಗುವ ತನಕ ಗರ್ಡರ್ ಮೇಲೆ ಒಂದು ಶಹಾಬಾದ್ ಕಲ್ಲು ಹೇರಿಡಿ. ನಮ್ಮ ಕಡೆ ಯಾವ ಮನೆಯ ಹಿತ್ತಲಲ್ಲೂ ಒಂದು ತುಂಡು ಸಿಗುತ್ತದೆ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಗಡಿನ ಚಾವಣಿ ಕೆಳಗೆ ಜನವರಿಗೂ ಮೇ ತಿಂಗಳಿಗೂ 20 ಡಿಗ್ರಿ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಆಗ ಎರಡು ಮೀಟರ್ ನಿಕಲ್ ಸಿಲ್ವರ್ (ಮಾದರಿ ಹಳಿಗೆ ಬಳಸುವ ಮಿಶ್ರಲೋಹ) ಹಳಿ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ತಿರುವಿನಲ್ಲಿ ಹೊರಗೆ ತಳ್ಳಿಕೊಳ್ಳುತ್ತದೆ. ಚಳಿಗಾಲದಲ್ಲಿ ಕೆಲಸ ಮಾಡುತ್ತಿದ್ದರೆ ಒಂದು ಮಿಮೀ ಸಂದು ಬಿಡಿ, ಆದರೆ ಸೇತುವೆಯ ಮೇಲಲ್ಲ, ಎರಡೂ ದಂಡೆ ದಾಟಿದ ಮೇಲೆ. ಇಲ್ಲಿ ಹಾಟ್ ಗ್ಲೂ, ಅಂದರೆ ಕಾಯಿಸಿ ಹಚ್ಚುವ ಅಂಟು, ನಂಬಬೇಡಿ. ಬೇಸಿಗೆಯಲ್ಲಿ ಮೆತ್ತಗಾಗಿ ಕಂಬ ಜಾರಿದ್ದನ್ನು ನಾನೇ ಕಂಡಿದ್ದೇನೆ.

ಆ ಹುಡುಗರು ಹಳೇ ಹಳಿಯನ್ನೇ ಬಿಚ್ಚಿ ಇಟ್ಟುಕೊಂಡಿದ್ದಾರೆ. ಈಗ 150 ಮಿಮೀಯ ಐದು ಗರ್ಡರ್ ಕತ್ತರಿಸಿ ಆಗಿದೆ, ಕಂಬಗಳಿಗೆ ಬೀದರ್‌ನ ಕೆಂಪು ಜಂಬಿಟ್ಟಿಗೆಯ ಬಣ್ಣ ಹಚ್ಚಬೇಕಂತೆ. ಬಣ್ಣಕ್ಕೆ ಮೊದಲು ಇರುವುದರಲ್ಲೇ ಉದ್ದದ ಡಬ್ಬಿಯನ್ನು ಕೈಯಿಂದ ಮೆಲ್ಲಗೆ ತಳ್ಳುತ್ತಾ ಈ ದಂಡೆಯಿಂದ ಆ ದಂಡೆಗೆ ದಾಟಿಸಿ ನೋಡಿ ಅಂತ ಹೇಳಿ ಕಳಿಸಿದ್ದೇನೆ.