ಹೂವು ರಾಶಿ ರಾಶಿ, ಕಾಯಿ ಮಾತ್ರ ಇಲ್ಲ. ಯಾಕೆ?

ಓದುಗರ ಪ್ರಶ್ನೆ: ಮನೆ ಹಿತ್ತಲಲ್ಲಿ ಸೋರೆ, ಕುಂಬಳ ಬಳ್ಳಿಗಳು ಚೆನ್ನಾಗಿ ಹಬ್ಬಿವೆ. ದಿನಾ ಹೂವು ಬಿಡುತ್ತವೆ, ಎಲ್ಲ ಉದುರಿಹೋಗುತ್ತವೆ. ಒಂದು ಕಾಯೂ ಕಚ್ಚಿಲ್ಲ. ಕುಂಡದಲ್ಲಿರುವ ಟೊಮೇಟೊ ಗಿಡದ್ದೂ ಇದೇ ಕಥೆ. ಯಾವ ಗೊಬ್ಬರ ಹಾಕಲಿ?

ಗೊಬ್ಬರದ ಚೀಲ ಸದ್ಯಕ್ಕೆ ಕಟ್ಟಿಡಿ. ಮೊದಲು ಬಳ್ಳಿ ಹತ್ತಿರ ಹೋಗಿ ಹೂವಿನ ಹಿಂದೆ ನೋಡಿ.

ಸೋರೆ, ಕುಂಬಳ, ಹೀರೆ, ಹಾಗಲ ಇವುಗಳಲ್ಲಿ ಒಂದೇ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಬರೀ ತೆಳ್ಳಗಿನ ತೊಟ್ಟಿನ ಮೇಲೆ ನಿಂತಿದ್ದರೆ ಗಂಡು. ಹೂವಿನ ಬುಡದಲ್ಲೇ ಪುಟ್ಟ ಹೀಚು ಕೂತಿದ್ದರೆ ಹೆಣ್ಣು. ಬಳ್ಳಿ ಮೊದಲು ಬಿಡುವುದು ಸಾಮಾನ್ಯವಾಗಿ ಗಂಡು ಹೂವುಗಳನ್ನೇ, ಅದೂ ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ. ಅವು ಅರಳುತ್ತವೆ, ಬಾಡುತ್ತವೆ, ಉದುರುತ್ತವೆ. ಅದು ರೋಗ ಅಲ್ಲ, ಅವುಗಳ ಕೆಲಸವೇ ಅಷ್ಟು. ನಾನು ಮೊದಲ ಸಲ ಕುಂಬಳ ಹಾಕಿದಾಗ ಇದು ಗೊತ್ತಿಲ್ಲದೆ, 'ಈ ದಂಡದ ಹೂವುಗಳು ಗಿಡದ ಸಾರ ಹೀರುತ್ತಿವೆ' ಅಂದುಕೊಂಡು ಗಂಡು ಹೂವುಗಳನ್ನೆಲ್ಲ ಚಿವುಟಿ ಹಾಕಿದ್ದೆ. ಆಮೇಲೆ ಹೆಣ್ಣು ಹೂವು ಬಂತು, ಜೊತೆಗೆ ಒಂದೂ ಗಂಡಿಲ್ಲ!

ಹೆಣ್ಣು ಹೂವು ಬಂದಿದೆ, ಆದರೆ ಹೀಚು ಹಳದಿ ತಿರುಗಿ, ಮುರುಟಿ, ಉದುರುತ್ತಿದೆ ಅಂದರೆ ಬಹುಪಾಲು ಸಲ ಪರಾಗ ತಲುಪಿಲ್ಲ ಅಂತಲೇ ಅರ್ಥ. ಜೇನು, ದುಂಬಿ ಬರುತ್ತಿಲ್ಲ. ಮಹಡಿ ಮೇಲಿನ ತೋಟಗಳಲ್ಲಿ ಇದು ಜಾಸ್ತಿ. ಇಲ್ಲೇ ಜನ ಎಡವುವುದು: ಹೀಚು ಕೊಳೆಯುತ್ತಿದೆ ಅಂತ ಕೀಟದ ಔಷಧಿ ಹೊಡೆಯುತ್ತಾರೆ, ಬರುತ್ತಿದ್ದ ನಾಲ್ಕು ಜೇನೂ ಹೋಗುತ್ತವೆ.

ಹಾಗಾದರೆ ಜೇನಿನ ಕೆಲಸ ನೀವೇ ಮಾಡಿ. ಆಗ ತಾನೇ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಹರಿದು ಹಾಕಿ. ನಡುವಿನ ಕಡ್ಡಿಯನ್ನು ಬೆರಳಿಗೆ ತಾಗಿಸಿದರೆ ಹಳದಿ ಪುಡಿ ಅಂಟಬೇಕು. ಅದನ್ನು ಹೆಣ್ಣು ಹೂವಿನ ನಡುವಿನ ಗಂಟಿಗೆ ಸುತ್ತಲೂ ಮೆಲ್ಲಗೆ ಸವರಿ. ಒಂದೇ ಕಡೆ ತಾಗಿಸಿ ಬಿಟ್ಟರೆ ಸಾಲದು, ಪರಾಗ ಕಡಿಮೆಯಾದರೆ ಕಾಯಿ ಸೊಟ್ಟಗೆ ಬರುತ್ತದೆ. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು.

ಆದರೆ ಹೊತ್ತು ಮುಖ್ಯ, ಇದನ್ನು ಯಾಕೋ ಯಾರೂ ಸರಿಯಾಗಿ ಹೇಳುವುದಿಲ್ಲ. ಕುಂಬಳದ ಹೂವು ಬೆಳಕು ಹರಿಯುವ ಹೊತ್ತಿಗೆ ಅರಳಿ, ಬಿಸಿಲೇರುತ್ತಿದ್ದಂತೆ ಮುಚ್ಚಿಕೊಳ್ಳುತ್ತದೆ. ತಿಂಡಿ ಮುಗಿಸಿ ನಿಧಾನಕ್ಕೆ ಹೋದರೆ ತಡವಾಯಿತು. ಸೋರೆಯ ಬಿಳಿ ಹೂವು ಇದಕ್ಕೆ ಉಲ್ಟಾ, ಸಂಜೆ ಅರಳಿ ರಾತ್ರಿಯೆಲ್ಲ ಇರುತ್ತದೆ. ಅದರ ನೆಂಟರು ರಾತ್ರಿ ಹಾರುವ ಪತಂಗಗಳು. ಹೀರೆಯೂ ಸಂಜೆಯದೇ. ಬೆಳಗ್ಗೆ ಹತ್ತಕ್ಕೆ ಹೋಗಿ ಬಾಡಿದ ಸೋರೆ ಹೂವಿಗೆ ಪರಾಗ ಸವರಿ, 'ನಾನೂ ಮಾಡಿ ನೋಡಿದೆ, ಏನೂ ಆಗಲಿಲ್ಲ' ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಪರಾಗ ಸರಿಯಾಗಿ ಕೂತಿದ್ದರೆ ಕೆಲವೇ ದಿನಗಳಲ್ಲಿ ಹೀಚು ದಪ್ಪಗಾಗುವುದು ಕಣ್ಣಿಗೇ ಕಾಣುತ್ತದೆ.

ತಿಂಗಳಾದರೂ ಹೆಣ್ಣು ಹೂವೇ ಬರಲಿಲ್ಲ, ಎಲೆ ಮಾತ್ರ ಕಡು ಹಸಿರು, ಬಳ್ಳಿ ಓಡುತ್ತಲೇ ಇದೆ ಅಂದರೆ ಸಾರಜನಕ ಜಾಸ್ತಿಯಾಗಿರಬಹುದು. ಯೂರಿಯಾ ಅಥವಾ ಕೋಳಿ ಗೊಬ್ಬರ ಸುರಿಯುತ್ತಿದ್ದರೆ ನಿಲ್ಲಿಸಿ. ಸೋರೆಯಲ್ಲಿ ಮುಖ್ಯ ಬಳ್ಳಿಯ ತುದಿ ಚಿವುಟಿದರೂ ಉಪಯೋಗ ಇದೆ, ಪಕ್ಕದಲ್ಲಿ ಒಡೆಯುವ ಕವಲುಗಳಲ್ಲಿ ಹೆಣ್ಣು ಹೂವು ಹೆಚ್ಚು. ಬಿಸಿಲಂತೂ ದಿನಕ್ಕೆ 6 ಗಂಟೆಯಾದರೂ ಬೇಕು.

ಇನ್ನು ಟೊಮೇಟೊ. ಇದರ ಲೆಕ್ಕವೇ ಬೇರೆ, ಇಲ್ಲಿ ಪ್ರತಿ ಹೂವಿನಲ್ಲೂ ಗಂಡು ಹೆಣ್ಣು ಎರಡೂ ಇವೆ. ಪರಾಗ ಇರುವುದು ನಡುವಿನ ಹಳದಿ ಕೊಳವೆಯ ಒಳಗೆ. ಹೂವು ಅಲುಗಾಡಿದರೆ ಮಾತ್ರ ಅದು ಉದುರುತ್ತದೆ. ಬಯಲಲ್ಲಿ ಗಾಳಿ ಈ ಕೆಲಸ ಮಾಡುತ್ತದೆ. ದಪ್ಪ ಕಪ್ಪು ದುಂಬಿಗಳು ಹೂವನ್ನು ಹಿಡಿದು ಝುಂ ಅಂತ ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತವೆ, ಜೇನುನೊಣಕ್ಕೆ ಆ ವಿದ್ಯೆ ಬರುವುದಿಲ್ಲ. ಯುರೋಪಿನ ಗಾಜಿನ ಮನೆಗಳಲ್ಲಿ ಹಿಂದೆ ಕೆಲಸಗಾರರು ಕಂಪಿಸುವ ಯಂತ್ರ ಹಿಡಿದು ಗೊಂಚಲು ಗೊಂಚಲಿಗೂ ತಾಗಿಸುತ್ತಿದ್ದರು. 1980ರ ದಶಕದ ಕೊನೆಗೆ ಆ ಕೆಲಸಕ್ಕೆ ದುಂಬಿ ಸಾಕುವುದು ಶುರುವಾಯಿತು. ನಿಮ್ಮ ಗಿಡ ಗಾಳಿಯಾಡದ ಬಾಲ್ಕನಿ ಮೂಲೆಯಲ್ಲಿದ್ದರೆ ಬಿಸಿಲೇರಿದ ಮೇಲೆ, ಮಧ್ಯಾಹ್ನದೊಳಗೆ ಹೂಗೊಂಚಲಿನ ತೊಟ್ಟಿಗೆ ಬೆರಳಿಂದ ಟಕ್ ಟಕ್ ಅಂತ ತಟ್ಟಿ. ಬ್ಯಾಟರಿ ಹಾಕುವ ಹಲ್ಲುಜ್ಜುವ ಬ್ರಷ್ ಇದ್ದರೆ ಇನ್ನೂ ಒಳ್ಳೆಯದು.

ತಟ್ಟಿದರೂ ಉದುರುತ್ತಿದೆಯಾ? ಹಾಗಾದರೆ ಹವೆ ನೋಡಿ. ಹಗಲಿನ ಬಿಸಿ 35 ಡಿಗ್ರಿ ದಾಟುತ್ತಿದ್ದರೆ, ರಾತ್ರಿಯೂ 24ಕ್ಕಿಂತ ಕೆಳಗಿಳಿಯದಿದ್ದರೆ ಪರಾಗವೇ ಕೆಡುತ್ತದೆ. ರಾತ್ರಿ 13ಕ್ಕಿಂತ ತಣ್ಣಗಾದರೂ ಕಷ್ಟವೇ. ಆಗ ಮಧ್ಯಾಹ್ನಕ್ಕೆ ನೆರಳು ಮಾಡಿ, ಮಣ್ಣಿನ ಮೇಲೆ ಒಣ ಎಲೆ ಹಾಸಿ, ನೀರು ಒಂದೇ ಸಮ ಕೊಡಿ, ಕಾಯಿರಿ. ಹವೆ ಬದಲಾದರೆ ಹೊಸ ಹೂವು ತಾನೇ ಕಚ್ಚುತ್ತದೆ. ಮೆಣಸಿನಕಾಯಿ ಗಿಡಕ್ಕೂ ಹೆಚ್ಚುಕಮ್ಮಿ ಇದೇ ಮಾತು.

ಪಕ್ಕದಲ್ಲಿ ತೊಂಡೆ ಬಳ್ಳಿಯೂ ಇದ್ದು, ವರ್ಷಗಟ್ಟಲೆ ಹೂವು ಬಿಟ್ಟೂ ಕಾಯಿ ಕೊಡದಿದ್ದರೆ ಮಾತ್ರ ಈ ಯಾವ ಉಪಾಯವೂ ಸುಮ್ನೆ. ತೊಂಡೆಯಲ್ಲಿ ಒಂದು ಬಳ್ಳಿ ಪೂರ್ತಿ ಗಂಡು, ಇನ್ನೊಂದು ಬಳ್ಳಿ ಪೂರ್ತಿ ಹೆಣ್ಣು. ಬೀಜದಿಂದ ಹುಟ್ಟಿದ್ದು ಗಂಡು ಬಳ್ಳಿಯಾಗಿಬಿಟ್ಟರೆ ಏನು ಮಾಡಿದರೂ ಅಷ್ಟೇ. ಕಾಯಿ ಬಿಡುತ್ತಿರುವ ಬಳ್ಳಿಯಿಂದ ಒಂದು ಕಡ್ಡಿ ಕೇಳಿ ತಂದು ನೆಡಿ.