ಸಕ್ಸಿನಿಕ್ ಆಮ್ಲದ ಇಳುವರಿ: ಎಲೆಕ್ಟ್ರಾನುಗಳ ಲೆಕ್ಕದಿಂದ ಓದಿದ ಟಿಪ್ಪಣಿ

ಗಾಳಿಯಿಲ್ಲದ ಪಾತ್ರೆಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸ್ ಕೊಟ್ಟರೆ ಅದು ಲ್ಯಾಕ್ಟಿಕ್, ಅಸಿಟಿಕ್, ಫಾರ್ಮಿಕ್ ಆಮ್ಲಗಳನ್ನೂ ಎಥನಾಲನ್ನೂ ಹೊರಹಾಕುತ್ತದೆ. ಸಕ್ಸಿನಿಕ್ ಆಮ್ಲ ಬರುವುದು ಅಲ್ಪಸ್ವಲ್ಪ. ಬಹುಕಾಲ ಪೆಟ್ರೋಲಿಯಂ ಮೂಲದಿಂದ ತಯಾರಾಗುತ್ತಿದ್ದ ಈ ನಾಲ್ಕು ಇಂಗಾಲದ ಆಮ್ಲವೇ ಮುಖ್ಯ ಉತ್ಪನ್ನವಾಗಬೇಕಾದರೆ ಏನು ಮಾಡಬೇಕು?

ಬೇಡದ ದಾರಿಗಳನ್ನು ಮುಚ್ಚಿಬಿಡೋಣ ಎಂಬುದು ಮೊದಲು ಹೊಳೆಯುವ ಉಪಾಯ. ಲ್ಯಾಕ್ಟೇಟ್ ಮತ್ತು ಫಾರ್ಮೇಟ್ (ಲ್ಯಾಕ್ಟಿಕ್, ಫಾರ್ಮಿಕ್ ಆಮ್ಲಗಳ ಲವಣರೂಪ) ತಯಾರಿಸುವ ಕಿಣ್ವಗಳ ವಂಶವಾಹಿಗಳನ್ನು ನಿಷ್ಕ್ರಿಯಗೊಳಿಸಿದ ಎನ್‌ಜೆಡ್‌ಎನ್ 111 ಎಂಬ ತಳಿ ಹುಟ್ಟಿದ್ದು ಹೀಗೆಯೇ. ಆದರೆ ಗಾಳಿಯಿಲ್ಲದಲ್ಲಿ ಅದು ಗ್ಲೂಕೋಸಿನ ಮೇಲೆ ಬೆಳೆಯಲೇ ಇಲ್ಲ! ಇಲ್ಲಿ ಸ್ವಲ್ಪ ನಿಲ್ಲಿ. ಇಡೀ ಪಾಠದ ತಿರುಳು ಇದೇ. ಗ್ಲೂಕೋಸ್ ಒಡೆಯುವಾಗ ಎನ್‌ಎಡಿಎಚ್ ಎಂಬ ಸಾಗಣೆ ಅಣು ಎಲೆಕ್ಟ್ರಾನುಗಳ ಹೊರೆ ಹೊರುತ್ತದೆ. ಆ ಹೊರೆ ಇಳಿಸಲು ಜಾಗವಿಲ್ಲದಿದ್ದರೆ ಒಡೆಯುವ ಕೆಲಸವೇ ನಿಲ್ಲುತ್ತದೆ. ನಾವು ವ್ಯರ್ಥವೆಂದು ಮುಚ್ಚಿದ ದಾರಿಗಳು ಆ ಜಾಗಗಳಾಗಿದ್ದವು.

ಮುಂದೆ ಇದೇ ತಳಿಯಲ್ಲಿ ತಾನಾಗಿಯೇ ಆದ ಒಂದು ರೂಪಾಂತರ ಬೆಳವಣಿಗೆಯನ್ನು ಮರಳಿ ತಂದಿತು, ಸಕ್ಸಿನೇಟನ್ನೂ (ಸಕ್ಸಿನಿಕ್ ಆಮ್ಲದ ಲವಣರೂಪ) ಹೆಚ್ಚಿಸಿತು. ಹುಡುಕಿದಾಗ ಬದಲಾವಣೆ ಸಿಕ್ಕಿದ್ದು ಗ್ಲೂಕೋಸನ್ನು ಕೋಶದೊಳಕ್ಕೆ ಸಾಗಿಸುವ ಪಿಟಿಎಸ್ ವ್ಯವಸ್ಥೆಯಲ್ಲಿ. ಒಂದು ಗ್ಲೂಕೋಸ್ ಒಡೆಯುವ ಹಾದಿಯ ನಡುವೆ ಪಿಇಪಿ ಎಂಬ ಮೂರು ಇಂಗಾಲದ ಎರಡು ಅಣುಗಳು ಬರುತ್ತವೆ. ಪಿಟಿಎಸ್ ಅವುಗಳಲ್ಲಿ ಒಂದನ್ನು ಸಾಗಾಟಕ್ಕೇ ಖರ್ಚು ಮಾಡುತ್ತದೆ. ಸಕ್ಸಿನೇಟಿನ ದಾರಿ ಶುರುವಾಗುವುದು ಪಿಇಪಿಗೆ ಇಂಗಾಲದ ಡೈಆಕ್ಸೈಡ್ ಸೇರಿದಾಗ. ಹಾಗಾಗಿ ಸಾಗಾಟಕ್ಕೆ ಬೇರೆ ದಾರಿ ಹಿಡಿದರೆ ಕಚ್ಚಾವಸ್ತು ಉಳಿಯುತ್ತದೆ.

ಈಗ ಲೆಕ್ಕ. ಒಂದು ಗ್ಲೂಕೋಸ್ 2 ಎನ್‌ಎಡಿಎಚ್ ಕೊಡುತ್ತದೆ. ಪಿಇಪಿಯಿಂದ ಒಂದು ಸಕ್ಸಿನೇಟ್ ಆಗಲು ಬೇಕಾಗುವುದೂ 2. ಅಂದರೆ ಎರಡು ಸಕ್ಸಿನೇಟಿಗೆ 4 ಬೇಕು, ಕೈಯಲ್ಲಿರುವುದು ಅರ್ಧ. ಈ ಕೊರತೆ ತುಂಬಲು, ಕಡಿಮೆ ಎನ್‌ಎಡಿಎಚ್‌ನಲ್ಲೇ ಸಕ್ಸಿನೇಟ್ ಕೊಡುವ ಗ್ಲೈಆಕ್ಸಿಲೇಟ್ ಅಡ್ಡದಾರಿಯನ್ನೂ ತೆರೆದು, ಇಂಗಾಲವನ್ನು ಎರಡು ದಾರಿಗಳಿಗೆ ಹಂಚುತ್ತಾರೆ. ಆಗ 7 ಗ್ಲೂಕೋಸ್ ಮತ್ತು 6 ಇಂಗಾಲದ ಡೈಆಕ್ಸೈಡ್‌ನಿಂದ 12 ಸಕ್ಸಿನಿಕ್ ಆಮ್ಲ: ಇದು ಸೈದ್ಧಾಂತಿಕ ಗರಿಷ್ಠ. 100 ಗ್ರಾಂ ಗ್ಲೂಕೋಸಿಗೆ ಸುಮಾರು 112 ಗ್ರಾಂ! ಹಾಕಿದ್ದಕ್ಕಿಂತ ಹೆಚ್ಚು ತೂಗುವುದಕ್ಕೆ ಕಾರಣ ಅನಿಲದಿಂದ ಬಂದ ಇಂಗಾಲ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಾಲು ಇದು. ಕೊರಿಯಾದ ಹಸುವಿನ ಮೊದಲ ಹೊಟ್ಟೆಯಿಂದ ಬೇರ್ಪಡಿಸಿದ ಮ್ಯಾನ್ಹೈಮಿಯಾ ಬ್ಯಾಕ್ಟೀರಿಯಾ ಸಹಜವಾಗಿಯೇ ಸಕ್ಸಿನೇಟ್ ಸುರಿಸುವುದೇಕೆ ಎಂಬುದೂ ಇದರಿಂದ ಅರ್ಥವಾಗುತ್ತದೆ: ಅದರ ಮನೆಯಲ್ಲಿ ಆ ಅನಿಲ ಯಥೇಚ್ಛ.

ಕೊನೆಯ ತೊಡಕು ಪಾತ್ರೆಯಾಚೆಯದು. ಬ್ಯಾಕ್ಟೀರಿಯಾ ಬದುಕುವ ಪಿಎಚ್ 7ರ ಸುತ್ತ ಸಿಗುವುದು ಆಮ್ಲವಲ್ಲ, ಅದರ ಲವಣ. ಅದನ್ನು ಮತ್ತೆ ಆಮ್ಲವಾಗಿಸಲು ಗಂಧಕಾಮ್ಲದಂಥದ್ದನ್ನು ಸುರಿದರೆ ಬೇಡದ ಲವಣ ರಾಶಿಬೀಳುತ್ತದೆ. ಕಡಿಮೆ ಪಿಎಚ್ ತಾಳಿಕೊಳ್ಳುವ ಯೀಸ್ಟಿನತ್ತ ಕೆಲವರು ಹೊರಳಿದ್ದು ಇದೇ ಕಾರಣಕ್ಕೆ.