ನೆರವಿನ ಮರೆಯಲ್ಲಿ ಬೇಹುಗಾರಿಕೆ: ಯುಎಸ್‌ಏಡ್ ನಡೆದು ಬಂದ ದಾರಿ

2025ರ ಫೆಬ್ರುವರಿಯಲ್ಲಿ ಸರ್ಕಾರಿ ಖರ್ಚು ಕಡಿತಕ್ಕೆಂದು ರಚನೆಯಾಗಿದ್ದ ಅಮೆರಿಕದ ಡೋಜ್ ತಂಡ ತಾನು ರದ್ದುಪಡಿಸಿದ ಅನುದಾನಗಳ ಪಟ್ಟಿಯೊಂದನ್ನು ಹೊರಬಿಟ್ಟಿತು. ‘ಭಾರತದಲ್ಲಿ ಮತದಾನ ಪ್ರಮಾಣ ಹೆಚ್ಚಿಸಲು 2.1 ಕೋಟಿ ಡಾಲರ್’ ಎಂಬ ಸಾಲು ಅದರಲ್ಲಿತ್ತು. ನಮ್ಮ ಚುನಾವಣೆಯಲ್ಲಿ ವಿದೇಶಿ ಹಸ್ತಕ್ಷೇಪ ಎಂದು ಇಲ್ಲಿನ ಪಕ್ಷಗಳು ಒಂದರ ಮೇಲೊಂದು ಮುಗಿಬೀಳಲು ಅಷ್ಟು ಸಾಕಾಯಿತು. ಆ ಹಣ ಬಾಂಗ್ಲಾದೇಶದ ಯೋಜನೆಗೆ ಮಂಜೂರಾಗಿದ್ದು ಎಂದು ಕೆಲವೇ ದಿನಗಳಲ್ಲಿ ಪತ್ರಿಕಾ ತನಿಖೆ ತೋರಿಸಿತು. ಭಾರತದಲ್ಲಿ ಅಂಥ ಯೋಜನೆ ನಡೆಸಿಲ್ಲವೆಂದು ಅಮೆರಿಕದ ರಾಯಭಾರ ಕಚೇರಿ ತಿಳಿಸಿದ್ದನ್ನು ನಮ್ಮ ವಿದೇಶಾಂಗ ಸಚಿವಾಲಯವೇ ರಾಜ್ಯಸಭೆಯ ಮುಂದಿಟ್ಟಿತು. ಅಷ್ಟು ಹೊತ್ತಿಗೆ ಮಾತು ಊರೂರು ಸುತ್ತಿ ಬಂದಿತ್ತು.

ಹುರುಳಿಲ್ಲದ ಆರೋಪವನ್ನು ಜನ ಇಷ್ಟು ಸಲೀಸಾಗಿ ನಂಬಿದ್ದೇಕೆ? ನೆರವಿನ ಮರೆಯಲ್ಲಿ ಇಂಥದ್ದು ಬೇರೆ ದೇಶಗಳಲ್ಲಿ ನಿಜವಾಗಿಯೂ ನಡೆದಿದೆ, ದಾಖಲೆಯಲ್ಲೂ ಇದೆ.

ಬೇರೆ ದೇಶಗಳಿಗೆ ನೆರವು ಹಂಚುತ್ತಿದ್ದ ಅಮೆರಿಕ ಸರ್ಕಾರದ ಸಂಸ್ಥೆ ಯುಎಸ್‌ಏಡ್ ಹುಟ್ಟಿದ್ದು 1961ರಲ್ಲಿ, ಶೀತಲ ಸಮರ ಕಾವೇರಿದ್ದ ಕಾಲದಲ್ಲಿ. ಬಡ ದೇಶಗಳು ಸೋವಿಯತ್ ಒಕ್ಕೂಟದ ಕಡೆ ವಾಲದಂತೆ ನೋಡಿಕೊಳ್ಳಬೇಕೆಂಬ ಲೆಕ್ಕಾಚಾರವನ್ನು ಅಧ್ಯಕ್ಷ ಕೆನಡಿ ಸರ್ಕಾರ ಮುಚ್ಚಿಟ್ಟಿರಲಿಲ್ಲ. ಇದನ್ನು ನಾನು ತಪ್ಪೆನ್ನುವುದಿಲ್ಲ. ಸೋವಿಯತ್ ನೆರವಿನ ಹಿಂದೆಯೂ ಲೆಕ್ಕಾಚಾರವಿತ್ತು. ನಮ್ಮ ಹಿರಿಯರು ಶಾಲೆಯಲ್ಲಿ ತಿಂದ ‘ಕೇರ್’ ಉಪ್ಪಿಟ್ಟು, ಕುಡಿದ ಪುಡಿ ಹಾಲು ಬಂದದ್ದೂ ಅಮೆರಿಕದ ಆಹಾರ ನೆರವಿನಿಂದಲೇ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ ದಿನಗಳಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿ ಹಡಗುಗಳನ್ನು ತಡೆತಡೆದು ಬಿಟ್ಟರು. ಅದು ಒತ್ತಡವೇ, ಆದರೆ ಕಣ್ಣೆದುರೇ ನಡೆದ ಒತ್ತಡ. ಎದುರಿಸುವುದೋ ಒಪ್ಪುವುದೋ ಎಂದು ತೀರ್ಮಾನಿಸಲು ದೆಹಲಿಗೆ ಅವಕಾಶವಿತ್ತು. ಮರೆಯಲ್ಲಿ ನಡೆದದ್ದರ ಕಥೆ ಬೇರೆ.

ಲಾವೋಸ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಒಂದು ಗುಪ್ತ ಯುದ್ಧವನ್ನೇ ನಡೆಸುತ್ತಿತ್ತು. ಅದರ ಸಿಬ್ಬಂದಿ ಯುಎಸ್‌ಏಡ್ ನೌಕರರ ಸೋಗಿನಲ್ಲಿ ಅಲ್ಲಿದ್ದರು. 1970ರಲ್ಲಿ ಯುಎಸ್‌ಏಡ್ ಮುಖ್ಯಸ್ಥರಾಗಿದ್ದ ಜಾನ್ ಹ್ಯಾನಾ ಇದನ್ನು ರೇಡಿಯೊ ಸಂದರ್ಶನದಲ್ಲಿ ಒಪ್ಪಿಕೊಂಡರು. 1962ರ ಒಂದು ನಿರ್ಧಾರದಂತೆ ಹೀಗಾಗಿದೆ, ಬೇರೆಲ್ಲೂ ಹೀಗಿಲ್ಲ ಎಂಬುದು ಅವರ ಸಮಜಾಯಿಷಿ. ಸಂಸ್ಥೆಯ ಮುಖ್ಯಸ್ಥರ ಬಾಯಿಂದಲೇ ಈ ಮಾತು ಬಂದ ಮೇಲೆ, ಬೇರೆ ದೇಶಗಳಲ್ಲಿ ದುಡಿಯುತ್ತಿದ್ದ ಅದೇ ಸಂಸ್ಥೆಯ ಕೃಷಿ ತಜ್ಞರನ್ನು, ವೈದ್ಯರನ್ನು ಯಾರು ತಾನೇ ಮೊದಲಿನಂತೆ ನೋಡಿಯಾರು?

ಅದೇ ವರ್ಷ ಉರುಗ್ವೆಯಲ್ಲಿ ಡ್ಯಾನ್ ಮಿಟ್ರಿಯೊನಿ ಎಂಬ ಅಮೆರಿಕನ್ ಸಲಹೆಗಾರನನ್ನು ತುಪಮಾರೊ ಬಂಡುಕೋರರು ಅಪಹರಿಸಿ ಕೊಂದರು. ಆತ ಯುಎಸ್‌ಏಡ್‌ನ ಸಾರ್ವಜನಿಕ ಸುರಕ್ಷತಾ ವಿಭಾಗದ ಕಡೆಯಿಂದ ಅಲ್ಲಿನ ಪೊಲೀಸರಿಗೆ ತರಬೇತಿ ಕೊಡುತ್ತಿದ್ದವನು. ಚಿತ್ರಹಿಂಸೆಯ ಪಾಠ ಹೇಳಿಕೊಡುತ್ತಿದ್ದನೆಂಬುದು ಆರೋಪ, ಅಮೆರಿಕ ಅದನ್ನು ಅಲ್ಲಗಳೆಯಿತು. ಆದರೆ ಆ ವಿಭಾಗವನ್ನು ಕಟ್ಟಿ ನಡೆಸಿದ ಬೈರನ್ ಎಂಗಲ್ ಸಿಐಎಯಿಂದ ಬಂದವರು ಎಂಬುದರಲ್ಲಿ ವಿವಾದವಿಲ್ಲ. ಅದು ತರಬೇತಿ ಕೊಟ್ಟ ಪೊಲೀಸ್ ಪಡೆಗಳ ದೌರ್ಜನ್ಯದ ಸುದ್ದಿ ಒಂದೊಂದಾಗಿ ಬರತೊಡಗಿದಾಗ, 1974ರಲ್ಲಿ ಅಮೆರಿಕದ ಸಂಸತ್ತೇ ಅಂಥ ತರಬೇತಿಗೆ ಹಣ ನಿಲ್ಲಿಸಿತು.

ನಮ್ಮಲ್ಲೂ ಇದರ ಬಿಸಿ ತಟ್ಟಿತ್ತು. ಏಷ್ಯಾ ಫೌಂಡೇಷನ್ ಎಂಬ ಅಮೆರಿಕನ್ ಸಂಸ್ಥೆಗೆ ಸಿಐಎ ಹಣ ಸಿಗುತ್ತಿತ್ತೆಂಬುದು 1967ರಲ್ಲಿ ಬಯಲಾಯಿತು. ಮರುವರ್ಷ ಭಾರತ ಅದನ್ನು ಹೊರಗೆ ಕಳಿಸಿತು. ಇಂದಿರಾ ಗಾಂಧಿ ‘ವಿದೇಶಿ ಕೈ’ಯ ಬಗ್ಗೆ ಮತ್ತೆ ಮತ್ತೆ ಹೇಳುತ್ತಿದ್ದ ಕಾಲ ಅದು. ತುರ್ತು ಪರಿಸ್ಥಿತಿಯ ನಡುವೆ, 1976ರಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಬಂತು. 2010ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯ ಕಟ್ಟುನಿಟ್ಟು ಇಂದು ಗೂಢಚಾರಿಕೆಗೂ ತಮಗೂ ಸಂಬಂಧವೇ ಇಲ್ಲದ ಎಷ್ಟೋ ಸಂಸ್ಥೆಗಳನ್ನು ಹೈರಾಣಾಗಿಸಿದೆ.

ಶೀತಲ ಸಮರ ಮುಗಿದ ಮೇಲೂ ಈ ಚಾಳಿ ಹೇಗೆ ಉಳಿಯಿತು ಎಂಬುದಕ್ಕೆ ಕ್ಯೂಬಾವನ್ನು ನೋಡಬೇಕು. 2014ರ ಏಪ್ರಿಲ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ‘ಜುಂಜುನೇಯೊ’ ಎಂಬ ಮೊಬೈಲ್ ಸಂದೇಶ ಸೇವೆಯ ಒಳಗುಟ್ಟನ್ನು ಬಯಲಿಗೆಳೆಯಿತು. ಇಂಟರ್ನೆಟ್ ದುರ್ಲಭವಾಗಿದ್ದ ಆ ನಾಡಿನಲ್ಲಿ ಎಸ್ಸೆಮ್ಮೆಸ್ ಮೂಲಕ ನಡೆಯುತ್ತಿದ್ದ ಟ್ವಿಟರ್‌ನಂಥ ವ್ಯವಸ್ಥೆ ಅದು. ಸರ್ಕಾರಿ ದೂರಸಂಪರ್ಕ ಕಂಪನಿಯಿಂದ ಸೋರಿದ ಸುಮಾರು 5 ಲಕ್ಷ ಮೊಬೈಲ್ ನಂಬರುಗಳು ಇದಕ್ಕೆ ಬಂಡವಾಳ. ಮೊದಲು ಫುಟ್‌ಬಾಲ್, ಸಂಗೀತ, ಚಂಡಮಾರುತದ ಸುದ್ದಿ ಕಳಿಸಿ ಬಳಕೆದಾರರನ್ನು ಕಲೆಹಾಕುವುದು, ಸಂಖ್ಯೆ ಬೆಳೆದ ಮೇಲೆ ರಾಜಕೀಯ ಸಂದೇಶಗಳನ್ನು ಬೆರೆಸಿ ಜನರನ್ನು ಬೀದಿಗಿಳಿಸುವುದು ಯೋಜನೆ. ಹಣದ ಜಾಡು ಸಿಗದಿರಲೆಂದು ಸ್ಪೇನ್ ಮತ್ತು ಕೇಮನ್ ದ್ವೀಪಗಳಲ್ಲಿ ಹೆಸರಿಗೊಂದು ಕಂಪನಿ ತೆರೆದಿದ್ದರು. ಅಮೆರಿಕ ಸರ್ಕಾರದ ಹೆಸರು ಎಲ್ಲೂ ಬರಕೂಡದು ಎಂದು ಗುತ್ತಿಗೆದಾರರ ಟಿಪ್ಪಣಿಯಲ್ಲೇ ಬರೆದಿತ್ತು.

ನನಗೆ ಹೆಚ್ಚು ಸಂಕಟವಾಗುವುದು ಆ ಸಾಮಾನ್ಯ ಬಳಕೆದಾರರನ್ನು ನೆನೆದಾಗ. ಸೇವೆಗೆ 40 ಸಾವಿರದಷ್ಟು ಮಂದಿ ಸೇರಿದ್ದರು. ಗೆಳೆಯರ ಜತೆ ಹರಟಿದ ಹುಡುಗ ಹುಡುಗಿಯರ ವಯಸ್ಸು, ಲಿಂಗ, ರಾಜಕೀಯ ಒಲವನ್ನು ಬೇರೆ ದೇಶದಲ್ಲಿ ಕೂತವರು ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿ ಕ್ಯೂಬಾ ಪೊಲೀಸರ ಕೈ ಸೇರಿದ್ದರೆ ಜೈಲು ಸೇರುತ್ತಿದ್ದವರು ಆ ಹುಡುಗರು, ವಾಷಿಂಗ್ಟನ್‌ನ ಅಧಿಕಾರಿಗಳಲ್ಲ. 2012ರಲ್ಲಿ ಸೇವೆ ಹೇಳದೆ ಕೇಳದೆ ಕಣ್ಮರೆಯಾಯಿತು. ಇದು ರಹಸ್ಯ ಕಾರ್ಯಾಚರಣೆಯಲ್ಲ ಎಂದು ಯುಎಸ್‌ಏಡ್ ಮುಖ್ಯಸ್ಥ ರಾಜೀವ್ ಶಾ ಸಮರ್ಥಿಸಿಕೊಂಡರು. ಆ ಮಾತನ್ನು ನಾನು ಒಪ್ಪಲಾರೆ.

ನಾಲ್ಕು ತಿಂಗಳ ನಂತರ ಇನ್ನೊಂದು ವರದಿ ಬಂತು. ವೆನೆಜುವೆಲಾ, ಕೋಸ್ಟರಿಕಾ, ಪೆರುವಿನ ಯುವಕರನ್ನು ಪ್ರವಾಸಿಗರ ಸೋಗಿನಲ್ಲಿ ಕ್ಯೂಬಾಕ್ಕೆ ಕಳಿಸಿ, ಸರ್ಕಾರದ ವಿರುದ್ಧ ನಿಲ್ಲಬಲ್ಲ ತರುಣರನ್ನು ಗುರುತಿಸುವ ಕೆಲಸಕ್ಕೆ ಹಚ್ಚಲಾಗಿತ್ತು. ಅವರು ಹೂಡಿದ ನೆಪಗಳಲ್ಲೊಂದು ಎಚ್‌ಐವಿ ತಡೆ ಕಾರ್ಯಾಗಾರ. ತಮ್ಮ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಎನಿಸಿದರೆ ಹೇಳಬೇಕಿದ್ದ ಸಂಕೇತ ವಾಕ್ಯ ‘ನನಗೆ ತಲೆನೋವು’. ಸಿಕ್ಕಿಬಿದ್ದರೆ ಏನಾಗುತ್ತದೆಂಬುದು ಕಳಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಯುಎಸ್‌ಏಡ್ ಗುತ್ತಿಗೆಯ ಮೇಲೆ ಇಂಟರ್ನೆಟ್ ಸಾಧನ ಒಯ್ದಿದ್ದ ಅಲನ್ ಗ್ರಾಸ್ 2009ರ ಡಿಸೆಂಬರ್‌ನಲ್ಲೇ ಹವಾನಾದಲ್ಲಿ ಸೆರೆಯಾಗಿದ್ದರು. ಅವರು ಬಿಡುಗಡೆಯಾದದ್ದು ಐದು ವರ್ಷಗಳ ಮೇಲೆ.

ಎಚ್‌ಐವಿ ಕಾರ್ಯಾಗಾರದ ಮಾತು ನಮಗೂ ತಾಗಬೇಕು. ಕರ್ನಾಟಕದಲ್ಲಿ ಎಚ್‌ಐವಿ ಸೋಂಕಿತರ ಆರೈಕೆಗೆ ‘ಸಮಸ್ತ’ ಯೋಜನೆ ನಡೆದದ್ದು ಯುಎಸ್‌ಏಡ್ ಹಣದಲ್ಲೇ. ಅವಮಾನಕ್ಕೆ ಅಂಜಿ ಹೆಸರು ಹೇಳಲೂ ಹಿಂಜರಿಯುವವರು ಆರೋಗ್ಯ ಕಾರ್ಯಕರ್ತೆಯ ಬಳಿ ಬಾಯಿಬಿಡುವುದು ನಂಬಿಕೆಯ ಮೇಲೆ. ಅಂಥ ನಂಬಿಕೆಯನ್ನು ಕ್ಯೂಬಾದಲ್ಲಿ ನೆಪವಾಗಿ ಬಳಸಿದವರು ಜಗತ್ತಿನ ಎಲ್ಲ ಕಾರ್ಯಕರ್ತೆಯರ ಬೆನ್ನಿಗೆ ಇರಿದರು.

ಇದು ಬರಿಯ ಭಾವುಕತೆಯಲ್ಲ. 2011ರಲ್ಲಿ ಬಿನ್ ಲಾಡೆನ್ ಸುಳಿವಿಗಾಗಿ ಸಿಐಎ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ವೈದ್ಯರೊಬ್ಬರ ಮೂಲಕ ಹೆಪಟೈಟಿಸ್ ಬಿ ಲಸಿಕೆ ಅಭಿಯಾನದ ನಾಟಕವಾಡಿಸಿತು. ಯುಎಸ್‌ಏಡ್ ಕೈವಾಡ ಇದರಲ್ಲಿರಲಿಲ್ಲ, ನೆರವಿನ ಮರೆ ಮಾತ್ರ ಅದೇ. ಲಸಿಕೆಯೆಂದರೆ ಪಿತೂರಿ ಎನ್ನುತ್ತಿದ್ದವರಿಗೆ ಕೈಗೆ ಸಾಕ್ಷಿ ಸಿಕ್ಕಂತಾಯಿತು. ಮರುವರ್ಷದ ಡಿಸೆಂಬರ್‌ನಲ್ಲಿ ಕರಾಚಿ, ಪೇಶಾವರದಲ್ಲಿ ಪೋಲಿಯೊ ಹನಿ ಹಾಕಲು ಹೊರಟ ಕಾರ್ಯಕರ್ತೆಯರನ್ನು ಗುಂಡಿಟ್ಟು ಕೊಂದರು. 2014ರಲ್ಲಿ ಪಾಕಿಸ್ತಾನದ ಪೋಲಿಯೊ ಪ್ರಕರಣಗಳು 300 ದಾಟಿದವು. ಕಾರಣ ಇದೊಂದೇ ಅಲ್ಲ, ಆದರೆ ಇದೂ ಒಂದು. ಇನ್ನು ಮುಂದೆ ಲಸಿಕೆ ಕಾರ್ಯಕ್ರಮವನ್ನು ಬೇಹುಗಾರಿಕೆಗೆ ಬಳಸುವುದಿಲ್ಲವೆಂದು ಶ್ವೇತಭವನ ಆ ವರ್ಷ ಮಾತು ಕೊಟ್ಟಿತು.

ಈ ಇತಿಹಾಸ ಅಧಿಕಾರಸ್ಥರಿಗೂ ಅನುಕೂಲವಾಗಿ ಒದಗಿತು. ರಷ್ಯಾ 2012ರಲ್ಲಿ, ಬೊಲಿವಿಯಾ 2013ರಲ್ಲಿ ಯುಎಸ್‌ಏಡ್ ಅನ್ನು ಹೊರಹಾಕಿದವು. ರಷ್ಯಾದಲ್ಲಿ ಚುನಾವಣಾ ಅಕ್ರಮಗಳ ಮೇಲೆ ಕಣ್ಣಿಟ್ಟಿದ್ದ ಸಂಸ್ಥೆಯೂ ‘ವಿದೇಶಿ ಏಜೆಂಟ್’ ಅನ್ನಿಸಿಕೊಂಡಿತು. ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಆ ಒಂದು ಪದ ಸಾಕಾಯಿತು.

2025ರ ಜುಲೈ 1ರಂದು ಯುಎಸ್‌ಏಡ್ ಬಾಗಿಲು ಮುಚ್ಚಿತು. ಆ ವರ್ಷದ ಆರಂಭದಲ್ಲೇ ಹಣ ತಡೆಹಿಡಿದಾಗ ಎಚ್‌ಐವಿ ಚಿಕಿತ್ಸಾ ಕೇಂದ್ರಗಳ, ಪೌಷ್ಟಿಕ ಆಹಾರ ಯೋಜನೆಗಳ ಕೆಲಸ ನಿಂತಿತ್ತು. ಉಳಿದ ನೆರವು ಕಾರ್ಯಕ್ರಮಗಳು ಈಗ ನೇರವಾಗಿ ಅಮೆರಿಕದ ವಿದೇಶಾಂಗ ಇಲಾಖೆಯ ಅಡಿಯಲ್ಲಿವೆ. ಔಷಧಕ್ಕೂ ರಾಜಕಾರಣಕ್ಕೂ ನಡುವೆ ಹೆಸರಿಗಾದರೂ ಇದ್ದ ಗೋಡೆ ಹೋಗಿದೆ. ಅಲ್ಲಿಂದ ಇನ್ನು ಬರುವ ಪ್ರತಿ ನೆರವಿನ ಶರತ್ತುಗಳನ್ನೂ, ಹಣ ಹರಿಯುವ ದಾರಿಯನ್ನೂ ಪಡೆಯುವ ದೇಶದ ಜನರ ಮುಂದೆ ತೆರೆದಿಡಬೇಕೆಂದು ಆಯಾ ಸಂಸತ್ತುಗಳು ಪಟ್ಟು ಹಿಡಿಯಬೇಕಿದೆ.